ಕೊನೆಯ ಬಳ್ಳಿಗೆ ಹನಿ ಮುಟ್ಟಿತೇ?

ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರ ಮೋಟರಿನ ಸದ್ದು ಕೇಳಿ ಸಮಾಧಾನ ಪಡುವುದಿಲ್ಲ. ಸಾಲಿನ ತುದಿಗೆ ನಡೆದು, ಕೊನೆಯ ಬಳ್ಳಿಯ ಬುಡದಲ್ಲಿ ಹನಿ ಬೀಳುತ್ತಿದೆಯೇ ಎಂದು ಬಗ್ಗಿ ನೋಡುತ್ತಾನೆ. ಹೃದಯ ನಿಂತವರ ಎದೆ ಒತ್ತುವ ಯಂತ್ರಗಳ ಬಗ್ಗೆ ಸಂಶೋಧಕರು ಕೇಳುತ್ತಿರುವುದೂ ಇದನ್ನೇ.

ಎದೆಯ ನಡುವಿನ ಎಲುಬನ್ನು ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ತೋರಿಸಿಕೊಟ್ಟರು. ಇಂದಿನ ಸಿಪಿಆರ್ ಬೆಳೆದದ್ದು ಅಲ್ಲಿಂದ. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಸಿಗುವುದು ಆ ಬಿಡುವಿನಲ್ಲೇ. ಎಲ್ಲ ಸರಿಯಾಗಿ ಮಾಡಿದರೂ ಸಹಜ ಹರಿವಿನ ಕಾಲುಭಾಗ ಸಿಕ್ಕರೆ ದೊಡ್ಡದು. ಎಂಥ ಗಟ್ಟಿ ಆಳೂ ಎರಡು ನಿಮಿಷಕ್ಕೆ ದಣಿಯುತ್ತಾನೆ.

ತಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ., ಬಬಲೇಶ್ವರದಿಂದ ಇನ್ನೂ ಸ್ವಲ್ಪ ಹೆಚ್ಚು. ಓಡುವ 108 ಆಂಬುಲೆನ್ಸ್‌ನಲ್ಲಿ ಬೆಲ್ಟು ಕಟ್ಟಿಕೊಳ್ಳದೆ ಬಗ್ಗಿ ನಿಂತು ಒತ್ತುವವರನ್ನು ಊಹಿಸಿಕೊಳ್ಳಿ. ತಿರುವಿಗೊಮ್ಮೆ ಕೈ ಜಾರುತ್ತದೆ, ಬ್ರೇಕಿಗೊಮ್ಮೆ ಲಯ ತಪ್ಪುತ್ತದೆ. ಯಂತ್ರ ಬೇಕೆನಿಸುವುದು ಇಂಥಲ್ಲೇ. ಸ್ವೀಡನ್ನಿನ ಲುಂಡ್‌ನಲ್ಲಿ ರೂಪುಗೊಂಡ ‘ಲೂಕಾಸ್’ ಯಂತ್ರದ ಕೊಂತ ದಣಿವಿಲ್ಲದೆ ಒಂದೇ ಲಯದಲ್ಲಿ ಎದೆ ಒತ್ತುತ್ತದೆ.

ಆದರೂ 2014 ಮತ್ತು 2015ರಲ್ಲಿ ಪ್ರಕಟವಾದ ಯುರೋಪಿನ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಲೂಕಾಸ್ ಬಳಸಿದಾಗ ಬದುಕುಳಿದವರ ಪ್ರಮಾಣ ಕೈಯಿಂದ ಒತ್ತಿದಾಗಿನದಕ್ಕಿಂತ ಹೆಚ್ಚಲಿಲ್ಲ. ಯಂತ್ರ ಕಟ್ಟುವಾಗ ಕಳೆದುಹೋಗುವ ಸೆಕೆಂಡುಗಳು ಒಂದು ಕಾರಣವಿರಬಹುದು. ನನ್ನನ್ನು ಹೆಚ್ಚು ಕಾಡುವುದು ಬೇರೆ. ಬಡಕಲು ಅಜ್ಜಿಗೂ ದಪ್ಪ ಎದೆಯ ಪೈಲ್ವಾನನಿಗೂ ಅದೇ ಆಳ, ಅದೇ ಜಾಗ ಹೇಗೆ ಹೊಂದೀತು? ಕೆಲವರಲ್ಲಿ ಎದೆಯ ನಡುವೆ ಒತ್ತಿದರೆ ಹೃದಯದ ಎಡ ಕೋಣೆಯ ಬದಲು ರಕ್ತ ಹೊರಬರುವ ದಾರಿಯೇ ಹಿಚುಕಿಹೋಗುತ್ತದೆ.

ಹಾಗಾದರೆ ಕೊನೆಯ ಬಳ್ಳಿ ಯಾವುದು? ಉಸಿರು. ರಕ್ತ ಹರಿದರೆ ಮಾತ್ರ ಮೈಯ ಕಾರ್ಬನ್ ಡೈಆಕ್ಸೈಡ್ ಶ್ವಾಸಕೋಶಕ್ಕೆ ಬರುತ್ತದೆ. ಉಸಿರು ಕೊಳವೆಗೆ ಸಿಕ್ಕಿಸಿದ ಪುಟ್ಟ ಸಂವೇದಕ ಅದನ್ನು ಅಳೆದು, ಪರದೆಯ ಮೇಲೆ ಸಾಲು ದಿಬ್ಬಗಳಂತೆ ಗೆರೆ ಎಳೆಯುತ್ತದೆ. ಆರೋಗ್ಯವಂತರಲ್ಲಿ ಅದು 35ರಿಂದ 45 ಮಿ.ಮೀ. ಪಾದರಸ. ಒತ್ತುವಾಗ 10ಕ್ಕಿಂತ ಕೆಳಗೇ ಉಳಿದರೆ, ಸದ್ದು ಎಷ್ಟೇ ಜೋರಿದ್ದರೂ ಹರಿವು ಸಾಲದು. ದಿಬ್ಬ ಥಟ್ಟನೆ ಎತ್ತರಕ್ಕೆ ಜಿಗಿದರೆ, ಹೃದಯ ತಾನೇ ಬಡಿಯತೊಡಗಿರಬಹುದು.

ಈ ಅಂಕಿಯನ್ನೋ ಧಮನಿಯ ರಕ್ತದೊತ್ತಡವನ್ನೋ ಯಂತ್ರಕ್ಕೇ ತಿಳಿಸಿ, ಆಳವನ್ನೂ ವೇಗವನ್ನೂ ಅದೇ ತಿದ್ದಿಕೊಳ್ಳುವಂತೆ ಮಾಡುವ ಪ್ರಯೋಗಗಳು ಪ್ರಾಣಿಗಳ ಮೇಲೆ ನಡೆದಿವೆ. ದಾರಿ ಸಲೀಸಲ್ಲ. ಗಾಳಿ ಹೆಚ್ಚು ಊದಿದರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅಡ್ರಿನಲಿನ್ ಕೊಟ್ಟಾಗಲೂ ಇಳಿಯಬಹುದು. ಅದನ್ನೇ ನಂಬಿ ಯಂತ್ರ ಇನ್ನಷ್ಟು ಒತ್ತಿದರೆ ಪಕ್ಕೆಲುಬು ಮುರಿದೀತು. ರಕ್ತದೊತ್ತಡವೇ ಹೆಚ್ಚು ನೇರವಾದ ಸಾಕ್ಷಿ. ಆದರೆ ಧಮನಿಗೆ ನಳಿಕೆ ಹಾಕುವುದು ಐಸಿಯುನಲ್ಲಿ ಸಾಧ್ಯ, ಓಡುವ ಗಾಡಿಯಲ್ಲಿ ಬಲು ಕಷ್ಟ.

ಆದ್ದರಿಂದ ತಿಕೋಟಾ ರಸ್ತೆಯ ಗಾಡಿಗೆ ಮೊದಲು ಯಾವುದು ಬೇಕೆಂದರೆ, ನಾನು ಆ ಉಸಿರು ಕೊಳವೆಯ ಸಂವೇದಕವನ್ನೇ ಕೇಳುತ್ತೇನೆ. ಎದೆ ಒತ್ತುವುದು ಯಂತ್ರವಾಗಲಿ, ಬೆವರುತ್ತಿರುವ ಸಿಬ್ಬಂದಿಯಾಗಲಿ, ಕಣ್ಣೆದುರಿನ ದಿಬ್ಬ ಕುಗ್ಗಿದ ಕೂಡಲೇ ಅಂಗೈಯನ್ನು ಸ್ವಲ್ಪ ಸರಿಸಿಯೋ, ಆಳ ತಿದ್ದಿಯೋ, ಆಳು ಬದಲಾಯಿಸಿಯೋ ನೋಡಬಹುದು.