ಅರಮನೆಗೆ ಸೊಸೆಯಾಗಿ ಬಂದವರು: ಅಧಿಕಾರ ಹೋದ ಮೇಲೆ ಉಳಿದ ಪಾತ್ರವೇನು?

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಮಿಡಿಗೇಶಿ ಎಂಬ ಊರಿದೆ. ಪಕ್ಕದಲ್ಲೇ ಕೋಟೆ ಹೊತ್ತ ಬೆಟ್ಟ. ಹಿಮ್ಮಡಿ ಮುಟ್ಟುವಷ್ಟು ನೀಳವಾದ ಕೇಶರಾಶಿಯಿದ್ದ ರಾಣಿಯೊಬ್ಬಳಿಂದ ಊರಿಗೆ ಈ ಹೆಸರು ಬಂದಿತೆಂದೂ, ನಾಗರೆಡ್ಡಿ ಎಂಬ ಪಾಳೆಯಗಾರನ ಕೈಹಿಡಿದು ಬಂದಿದ್ದ ಆಕೆ ಪತಿಯೊಡನೆ ಚಿತೆಯೇರಿದಳೆಂದೂ ಸ್ಥಳೀಯ ಐತಿಹ್ಯ ಹೇಳುತ್ತದೆ. ಇತಿಹಾಸದ ಒರೆಗಲ್ಲಿಗೆ ಹಚ್ಚಬಹುದಾದ ಕಥೆಯೇನೂ ಇದಲ್ಲ. ಆದರೆ ರಾಜಮನೆತನಕ್ಕೆ ಮದುವೆಯಾಗಿ ಬಂದ ಹೆಣ್ಣಿನ ಸಾರ್ವಜನಿಕ ಬದುಕು ಪತಿಯ ಉಸಿರಿನೊಂದಿಗೇ ಮುಗಿಯುತ್ತದೆ ಎಂಬ ಹಳೆಯ ಕಾಲದ ಗ್ರಹಿಕೆಯನ್ನು ಅದು ಸ್ಪಷ್ಟವಾಗಿ ತಿಳಿಸುತ್ತದೆ.

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ಯಾಗಿ ಒಂದುಗೂಡಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸ್ವಾತಂತ್ರ್ಯಕ್ಕೆ ಮೊದಲು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಅರಮನೆಯಲ್ಲಿ ನಡೆದದ್ದು ಐತಿಹ್ಯಕ್ಕೆ ತದ್ವಿರುದ್ಧವಾದುದು. ಅಲ್ಲಿಗೆ ಸೊಸೆಯಾಗಿ ಬಂದವರ ಸಾರ್ವಜನಿಕ ಪಾತ್ರ ಬಹುಪಾಲು ಪತಿಯ ಮರಣದ ನಂತರವೇ ಆರಂಭವಾಗಿದೆ.

ಇದಕ್ಕೆ ಅಪವಾದವೂ ಉಂಟು. 19ನೇ ಶತಮಾನದ ಆರಂಭದಲ್ಲಿ ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದು, ಜನ ಅದಕ್ಕೆ ಹಿಂಜರಿಯುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಆಗ ಲಸಿಕೆ ಪಡೆದರು. ಅದೇ ಕಾಲದ ಒಂದು ವರ್ಣಚಿತ್ರದಲ್ಲಿ ಮೂವರು ಸ್ತ್ರೀಯರಿದ್ದು, ಬಲಬದಿಯಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಬಹುಕಾಲ ಇವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಆಕೆ ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು, ಮೂವರೂ ಮೈಸೂರಿನ ರಾಣಿಯರು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ವಾದ ನಿಜವಾದಲ್ಲಿ ಭಾರತದಲ್ಲಿ ಲಸಿಕೆಯ ಅತ್ಯಂತ ಹಳೆಯ ಜಾಹೀರಾತುಗಳಲ್ಲಿ ಒಂದಕ್ಕೆ ಮೈಸೂರಿನ ಸೊಸೆಯೊಬ್ಬಳು ರೂಪದರ್ಶಿಯಾದಂತಾಯಿತು!

ಆದರೆ ಈ ಪರಂಪರೆಯಲ್ಲಿ ನಿಜಕ್ಕೂ ತಡೆದು ನೋಡಬೇಕಾದ ಹೆಸರು ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. 1866ರಲ್ಲಿ ಜನಿಸಿದ, ಕಳಲೆ ಅರಸು ಮನೆತನದ ಅವರು ಹತ್ತನೇ ಚಾಮರಾಜ ಒಡೆಯರನ್ನು ವರಿಸಿದ್ದು 1878ರಲ್ಲಿ. ಸಂಸ್ಥಾನ ಆಗ ಧಾತು-ಈಶ್ವರ ಸಂವತ್ಸರಗಳ ಭೀಕರ ಬರದಿಂದ ತತ್ತರಿಸಿತ್ತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸೀಮೆಯ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ತುಮಕೂರು, ಚಿತ್ರದುರ್ಗದಂತಹ ಒಣ ಬಯಲುಸೀಮೆಗೆ ಬರ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

1894ರ ಡಿಸೆಂಬರ್ 28ರಂದು ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ನಿಧನರಾದರು. ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಇಪ್ಪತ್ತೆಂಟರ ವಿಧವೆ ರೀಜೆಂಟ್ ಆಗಿ ಆಳ್ವಿಕೆಯ ಹೊಣೆ ಹೊತ್ತರು. ವಿಧವೆಯೊಬ್ಬಳು ಶುಭಕಾರ್ಯಗಳಲ್ಲಿ ಎದುರಿಗೆ ಬರುವುದೂ ಅಪಶಕುನವೆನಿಸಿದ್ದ ಸಮಾಜದಲ್ಲಿ, 1902ರ ಆಗಸ್ಟ್‌ನಲ್ಲಿ ಮಗ ಅಧಿಕಾರ ವಹಿಸಿಕೊಳ್ಳುವವರೆಗೂ ರಾಜ್ಯ ಅವರ ಹೆಸರಿನಲ್ಲೇ ನಡೆಯಿತು.

ಅದು ಸುಖದ ಕಾಲವಾಗಿರಲಿಲ್ಲ. 1897ರಲ್ಲಿ ಹಿರಿಯ ಮಗಳ ವಿವಾಹದ ಸಮಯದಲ್ಲೇ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಇಂದು ಪ್ರವಾಸಿಗರು ಕಣ್ತುಂಬಿಕೊಳ್ಳುವ, 1912ರಲ್ಲಿ ಪೂರ್ಣಗೊಂಡ ಅರಮನೆಯ ಕೆಲಸ ಆರಂಭವಾದದ್ದು ಅವರ ಆಳ್ವಿಕೆಯಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ 1902ರಲ್ಲಿ, ಅವರ ಅಧಿಕಾರಾವಧಿಯ ಕೊನೆಯ ದಿನಗಳಲ್ಲಿ. 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರಿಗೆ ಈ ಕೆಲಸಗಳ ಕೀರ್ತಿಯ ದೊಡ್ಡ ಪಾಲು ಸಲ್ಲಬೇಕು, ನಿಜ. ಆದರೆ ದಿವಾನರ ಮಾತಿಗೆ ರಾಣಿ ಬರಿದೇ ಅಂಕಿತ ಹಾಕಿದರು ಎಂದು ತಳ್ಳಿಹಾಕುವವರು, ಇದೇ ಮಾತನ್ನು ಮಹಾರಾಜರುಗಳ ಬಗ್ಗೆ ಹೇಳುವುದಿಲ್ಲ ಎಂಬುದು ಗಮನಾರ್ಹ.

ಶಿರಾ ದಾಟಿ ಹೆದ್ದಾರಿಯಲ್ಲಿ ಚಿತ್ರದುರ್ಗದತ್ತ ಸಾಗುವವರಿಗೆ ಹಿರಿಯೂರಿನ ಬಳಿ ಈ ಆಳ್ವಿಕೆಯ ದೊಡ್ಡ ಕುರುಹು ಸಿಗುತ್ತದೆ. ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಕಾಮಗಾರಿ ಆರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆ ಜಲಾಶಯಕ್ಕೆ ‘ವಾಣಿವಿಲಾಸ ಸಾಗರ’ ಎಂಬ ಹೆಸರಿಡಲಾಯಿತು. 130 ಅಡಿ ಮಟ್ಟದ, ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿಯಲು 89 ವರ್ಷ ಕಾಯಬೇಕಾಯಿತು. 2022ರಲ್ಲಿ, ಬಳಿಕ 2025ರಲ್ಲಿ ಕೋಡಿ ಹರಿದಾಗ ನೋಡಲು ಜನ ಮುಗಿಬಿದ್ದಿದ್ದರು. ಆದರೆ ಕಾಲುವೆಗಳು ಹರಿಯುವುದು ಹಿರಿಯೂರಿನ ಕಡೆಗೆ. ನೆರೆಯ ಶಿರಾ, ಪಾವಗಡಗಳ ಪಾಲಿಗೆ ರಾಣಿಯ ಹೆಸರಿನ ನೀರು ನೋಡಲು ಹತ್ತಿರ, ಕುಡಿಯಲು ದೂರ. ಭದ್ರಾ ಮೇಲ್ದಂಡೆ ಯೋಜನೆಯ ವ್ಯಾಪ್ತಿಗೆ ಈ ಭಾಗಗಳೂ ಸೇರಿರುವುದರಿಂದ, ಜನರ ನಿರೀಕ್ಷೆ ಈಗ ಅತ್ತ ನೆಟ್ಟಿದೆ.

ಹೊರನಾಡಿನ ರಾಜಕುಮಾರಿಯನ್ನು ಸೊಸೆಯಾಗಿ ತರುವ ಪರಿಪಾಠವೂ ಹೊಸದಲ್ಲ. ರೀಜೆಂಟ್ ಆಳ್ವಿಕೆಯಲ್ಲೇ, 1900ರಲ್ಲಿ, ನಾಲ್ವಡಿಯವರ ಪತ್ನಿಯಾಗಿ ಪ್ರತಾಪ ಕುಮಾರಿ ಬಂದದ್ದು ದೂರದ ಕಾಠಿಯಾವಾಡದಿಂದ.

ಇನ್ನು ಗಣರಾಜ್ಯದ ಕಾಲಕ್ಕೆ ಬರೋಣ. 1971ರ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜಪದವಿಗಳ ಮಾನ್ಯತೆಯನ್ನೂ ರದ್ದುಗೊಳಿಸಿತು. ಅಂದರೆ 1976ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಪತ್ನಿಯಾಗಿ ಬಂದ ಪ್ರಮೋದಾದೇವಿಯವರು ಕಾನೂನಿನ ಕಣ್ಣಿನಲ್ಲಿ ಎಂದೂ ಮಹಾರಾಣಿಯಾಗಿರಲಿಲ್ಲ. ‘ರಾಜಮಾತೆ’ ಎಂಬುದು ಜನರೂ ಪತ್ರಿಕೆಗಳೂ ಕೊಟ್ಟ ಗೌರವ.

2013ರ ಡಿಸೆಂಬರ್ 10ರಂದು ಒಡೆಯರು ನಿಧನರಾದಾಗ ದಂಪತಿಗೆ ಮಕ್ಕಳಿರಲಿಲ್ಲ. ಉತ್ತರಾಧಿಕಾರಿಯನ್ನು ಆರಿಸುವ ಹೊಣೆ ಮತ್ತೆ ವಿಧವೆಯೊಬ್ಬರ ಹೆಗಲೇರಿತು. 1865ರಲ್ಲಿ ಮುಮ್ಮಡಿಯವರು ದತ್ತು ಸ್ವೀಕರಿಸಿದಾಗ ಬ್ರಿಟಿಷರ ಮನ್ನಣೆಗೆ ಕಾಯಬೇಕಿತ್ತು. 2015ರ ಫೆಬ್ರುವರಿಯಲ್ಲಿ ಪ್ರಮೋದಾದೇವಿಯವರು ಯದುವೀರ್ ಅವರನ್ನು ದತ್ತು ಪಡೆದಾಗ ಯಾವ ಸರ್ಕಾರದ ಒಪ್ಪಿಗೆಯೂ ಬೇಕಿರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ವಿಧವೆಗೆ ಆ ಹಕ್ಕನ್ನು ನೀಡಿದೆ. ಹದಿನೈದು ತುಂಬಿದವರನ್ನು ದತ್ತು ಪಡೆಯುವಂತಿಲ್ಲ ಎಂಬುದು ಅದೇ ಕಾಯ್ದೆಯ ಸಾಮಾನ್ಯ ನಿಯಮವಾದರೂ, ಸಂಪ್ರದಾಯವಿದ್ದಲ್ಲಿ ವಿನಾಯಿತಿಗೆ ಅವಕಾಶವಿದೆ. ಯದುವೀರ್‌ಗೆ ಆಗ ಇಪ್ಪತ್ತೆರಡು ವರ್ಷ.

ಅಲ್ಲಿಂದೀಚೆಗೆ ಪ್ರಮೋದಾದೇವಿಯವರ ಸಾರ್ವಜನಿಕ ಪಾತ್ರ ಬಹುಪಾಲು ನ್ಯಾಯಾಲಯಗಳಲ್ಲಿ ಕಾಣಿಸಿದೆ. ಬೆಂಗಳೂರು ಅರಮನೆ ಆಸ್ತಿ ಕುರಿತ 1996ರ ಕಾಯ್ದೆಯ ವ್ಯಾಜ್ಯ, ಚಾಮುಂಡಿ ಬೆಟ್ಟದ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ 2024ರಲ್ಲಿ ಹೈಕೋರ್ಟಿಗೆ ಸಲ್ಲಿಸಿದ ಅರ್ಜಿ ಇದಕ್ಕೆ ನಿದರ್ಶನ. ಇದು ಲೋಕಹಿತವೋ, ಮನೆತನದ ಹಿತವೋ ಎಂಬ ಪ್ರಶ್ನೆ ಸಹಜ. ಬೆಟ್ಟದ ವಿಷಯದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

2016ರ ಜೂನ್ 27ರಂದು ಯದುವೀರ್ ಅವರ ಕೈಹಿಡಿದ ತ್ರಿಷಿಕಾ ಕುಮಾರಿ ರಾಜಸ್ಥಾನದ ಡುಂಗರಪುರ ರಾಜಮನೆತನದವರು. ತಂದೆ ಹರ್ಷವರ್ಧನ ಸಿಂಗ್ ರಾಜ್ಯಸಭೆಯ ಸದಸ್ಯರಾಗಿದ್ದವರು. ಪತಿ 2024ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಹೀಗಾಗಿ ಅವರ ಸ್ಥಾನಕ್ಕೆ ಹಿಂದಿನ ಯಾವ ರಾಣಿಯ ಮಾದರಿಯೂ ಪೂರ್ತಿ ಒದಗುವುದಿಲ್ಲ. ಕೂಚ್‌ಬಿಹಾರದಿಂದ ಜೈಪುರಕ್ಕೆ ಸೊಸೆಯಾಗಿ ಹೋದ ಗಾಯತ್ರಿದೇವಿ 1962ರಲ್ಲಿ ಸ್ವತಃ ಚುನಾವಣೆಗೆ ನಿಂತು ಭಾರಿ ಅಂತರದಿಂದ ಗೆದ್ದಿದ್ದರು. ಬ್ರಿಟನ್ನಿನ ಡಯಾನಾ 1997ರಲ್ಲಿ ಅಂಗೋಲಾದ ನೆಲಬಾಂಬುಗಳ ಬಯಲಿನಲ್ಲಿ ನಡೆದು ಒಂದು ವಿಷಯವನ್ನು ಜಗತ್ತಿನ ಗಮನಕ್ಕೆ ತಂದರು. ಆದರೆ ಬ್ರಿಟನ್ನಿನ ಸೊಸೆಯ ಬೆನ್ನಿಗೆ ಇಂದಿಗೂ ಮಾನ್ಯತೆಯುಳ್ಳ ಸಿಂಹಾಸನವಿದೆ. ಮೈಸೂರಿನ ಸಿಂಹಾಸನ ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಜೋಡಣೆಯಾಗಿ, ಮುಗಿದ ಮೇಲೆ ಬಿಡಿಭಾಗಗಳಾಗಿ ಭದ್ರತಾ ಕೊಠಡಿ ಸೇರುತ್ತದೆ.

ಸದ್ಯಕ್ಕೆ ನಾಡಿನ ಜನ ತ್ರಿಷಿಕಾ ಅವರನ್ನು ಹೆಚ್ಚಾಗಿ ಕಾಣುವುದು ಆ ದಿನಗಳಲ್ಲೇ, ಖಾಸಗಿ ದರ್ಬಾರಿನ ಛಾಯಾಚಿತ್ರಗಳಲ್ಲಿ. ದಸರೆಯ ಆರಂಭದಲ್ಲಿ ಯದುವೀರ್ ಅವರಿಗೆ ಚಾಮುಂಡಿ ತೊಟ್ಟಿಯಲ್ಲಿ ಕಂಕಣಧಾರಣೆ ನೆರವೇರಿದರೆ, ತ್ರಿಷಿಕಾ ಅವರಿಗೆ ಕಂಕಣ ಕಟ್ಟುವುದು ಅರಮನೆಯ ವಾಣಿವಿಲಾಸ ದೇವರಮನೆಯಲ್ಲಿ.