ಜೂನ್ 1ಕ್ಕೆ ಹುಟ್ಟಿದವರ ಸೀಮೆಯಲ್ಲಿ

ವಿಜಯಪುರ ಜಿಲ್ಲೆ ಬಸವನ ಬಾಗೇವಾಡಿಯ ಒಂದು ಸರಕಾರಿ ಶಾಲೆ, 2025ರ ಮೇ ಕೊನೆ. ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಡುತ್ತಿದೆ. ಹೆಡ್‌ಮಾಸ್ತರರ ಖೋಲಿಯ ಮುಂದೆ ನಿಂತವರ ಕೈಯಲ್ಲೆಲ್ಲ ಒಂದೊಂದು ಪ್ಲಾಸ್ಟಿಕ್ ಚೀಲ, ಒಳಗೆ ಜನನ ಪ್ರಮಾಣಪತ್ರ, ಆಧಾರ್, ಜಾತಿ-ಆದಾಯದ ಕಾಗದ. ಮೊಮ್ಮಗನನ್ನು ಸಾಲಿಗೆ ಹಚ್ಚಲು ಬಂದ ಅಜ್ಜ ತಮ್ಮ ಆಧಾರನ್ನೂ ತಂದಿದ್ದರು. ಹುಟ್ಟಿದ ದಿನ: ಜೂನ್ 1.

"ಇದು ಅವ್ವ ಹಡದ ದಿನ ಅಲ್ರೀ, ಮಾಸ್ತರು ಕೊಟ್ಟಿದ್ದು. ತಲಿ ಮ್ಯಾಲಿಂದ ಕೈ ತಂದು ಆಚಿ ಕಿವಿ ಮುಟ್ಟು ಅಂದ್ರು. ಮುಟ್ಟಿದೆ, ಬರಕೊಂಡ್ರು."

ನಮ್ಮ ಕಡೆ ಆ ವಯಸ್ಸಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು. ಈಗ ಅದೇ ತಾರೀಖು ಬಾಗಿಲಿಗೆ ಅಡ್ಡ ನಿಂತಿದೆ. ಒಂದನೇ ಇಯತ್ತೆಗೆ ಆ ದಿನಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. ಜಾರಿ 2025-26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದಾಗ ಪಾಲಕರ ಗದ್ದಲ; ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕು ಎಂದಾಯಿತು.

ಮುದ್ದೇಬಿಹಾಳದಲ್ಲಿ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. "ಇಂಗ್ಲಿಷ್ ಮೀಡಿಯಂ ಸೀಟ್ ಅದಾವೇನ್ರೀ ಸರ?" ಇದೊಂದೇ ಮಾತು. 2019ರಲ್ಲಿ ರಾಜ್ಯದ 1,000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗ ತರಗತಿಗೆ 30 ಮಕ್ಕಳೆಂದು ಮಿತಿ ಹಾಕಿದ್ದರು. ಪೈಪೋಟಿ ಇರುವುದು ಆ ಮೂವತ್ತರಂಥ ಸೀಟಿಗೆ, ಶಾಲೆಗಲ್ಲ. ಅದೇ ವರಾಂಡದಲ್ಲಿ ಎರಡು ಬಾಗಿಲಾಚೆ ಕನ್ನಡದ ಒಂದನೇ ಇಯತ್ತೆ. ಅಲ್ಲಿನ ಅಕ್ಕೋರು ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಕುಳಿತಿದ್ದರು. "ಇಲ್ಲಿ ಜಾಗ ಐತ್ರೀ," ಎಂದರು ನನಗೇ. ನನ್ನ ಜೊತೆ ಮಗುವಿರಲಿಲ್ಲ.

ಬಡವರಿಗೆ ಇನ್ನೊಂದು ದಾರಿ ಇತ್ತು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಅವರದು. ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟಿಲ್ಲ ಎಂದು 2019ರಿಂದ ನಿಯಮ ಬದಲಾಯಿತು. ಪ್ಯಾಟಿಯೊಳಗೆ ಸರಕಾರಿ ಸಾಲಿ ಇಲ್ಲದ ಓಣಿ ಎಲ್ಲಿದೆ?

ಸಿಂದಗಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ವಸತಿ ಶಾಲೆಗಳ ಕೋಚಿಂಗ್ ಬೋರ್ಡು: ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ. ಆರನೇ ಇಯತ್ತೆಯ ಓಟಕ್ಕೆ ಈಗಿನಿಂದಲೇ ತಯಾರಿ; ಆಲಮಟ್ಟಿಯ ನವೋದಯದಲ್ಲಿ ಸೀಟು 80, ಕಣ್ಣಿಟ್ಟಿರುವುದು ಇಡೀ ಜಿಲ್ಲೆ.

ಇಂಡಿಯಲ್ಲಿ ಖಾಸಗಿ ಶಾಲೆಯ ಫೀ ಕೇಳಿ ಹೊರಬಂದ ರೈತರೊಬ್ಬರು ಅದನ್ನು ನಿಂಬೆಹಣ್ಣಿನ ಚೀಲಗಳಲ್ಲಿ ಎಣಿಸುತ್ತಿದ್ದರು. ಇಂಡಿ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. "ಮಾನ್ಯತಾ ಹಣ್ಣಿಗೆ ಬಂತು, ದರ ಬರಬೇಕಲ್ರೀ."

ಸ್ವಲ್ಪ ಆಚೆಯ ಸರಕಾರಿ ಶಾಲೆಯಲ್ಲಿ ಒಬ್ಬ ತಾಯಿ. ಮಗ ಹುಟ್ಟಿದ್ದು 2019ರ ಜೂನ್ 14. ಆರಕ್ಕೆ ಹದಿಮೂರು ದಿನ ಕಮ್ಮಿ. ಯುಕೆಜಿ ಆಗಿದೆಯೇ ಎಂದರು ಮಾಸ್ತರು. ಗಂಡ ಹೆಂಡತಿ ಎರಡು ವರ್ಷ ಗೋವಾದ ವಾಸ್ಕೋದಲ್ಲಿ ಗಾರೆ ಕೆಲಸಕ್ಕಿದ್ದರು; ಹುಡುಗ ಉಸುಕಿನ ಗುಡ್ಡೆಯ ಮೇಲೆ ಬೆಳೆದವನು.

"ಮುಂದಿನ ವರ್ಷ ಕರಕೊಂಡು ಬರ್ರೀ ಯವ್ವಾ," ಎಂದರು ಮಾಸ್ತರು, ಮೆತ್ತಗೆ.

"ಅಲ್ಲೀ ತನಕಾ ಇವನ್ನ ಎಲ್ಲಿ ಇಡ್ಲಿರೀ?"

ಮಾಸ್ತರು ಫ್ಯಾನಿನ ಕಡೆ ನೋಡಿದರು. ಆಕೆ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಗೋವಾದ ಬಸ್ಸು ವಿಜಯಪುರದಿಂದ ಎಷ್ಟು ಗಂಟೆಗೆಂದು ನನ್ನನ್ನು ಕೇಳಿದಳು.