ಬರಗಾಲದಲ್ಲಿ ಮೇಲೇಳುವ ನಂದಿ

ಸೇಲಂ ಜಿಲ್ಲೆಯ ಪಣ್ಣವಾಡಿಯಲ್ಲಿ ಮೆಟ್ಟೂರು ಜಲಾಶಯದ ನೀರು ತಗ್ಗುತ್ತ ಹೋದಾಗ ಮೊದಲು ಹಳೆಯ ಚರ್ಚಿನ ಗೋಪುರವೂ, ಮಟ್ಟ 70 ಅಡಿಯ ಆಸುಪಾಸಿಗೆ ಬಂದಾಗ ಜಲಕಂಠೇಶ್ವರ ದೇವಾಲಯದ ದೊಡ್ಡ ನಂದಿಯೂ ಹೊರಗೆ ಕಾಣಿಸಿಕೊಳ್ಳುತ್ತವೆ. ಎದುರು ದಡದ ಧರ್ಮಪುರಿ ಜಿಲ್ಲೆಯ ನಾಗಮರೆಗೆ ದೋಣಿಯಲ್ಲಿ ಹೋಗುವವರು ತುಂಬಿದ ದಿನಗಳಲ್ಲಿ ದಾಟುವುದು ಹಿಂದೆ ಜನವಸತಿಯಿದ್ದ ಈ ನೆಲವನ್ನೇ.

ಈ ಮುಳುಗಡೆಯ ಮೂಲವನ್ನು ಹುಡುಕುತ್ತ ಹೊರಟರೆ ದಾರಿ ಮೈಸೂರಿಗೆ ಮುಟ್ಟುತ್ತದೆ. 1911ರಲ್ಲಿ ಮೈಸೂರು ಸಂಸ್ಥಾನವು ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭಿಸಿದಾಗ, ತಂಜಾವೂರು ಸೀಮೆಯ ಗದ್ದೆಗಳಿಗೆ ನೀರು ಕಡಿಮೆಯಾದೀತೆಂದು ಮದರಾಸು ಸರ್ಕಾರ ಆಕ್ಷೇಪಿಸಿತು. 1914ರ ಗ್ರಿಫಿನ್ ಮಧ್ಯಸ್ಥಿಕೆಯ ತೀರ್ಪಿನಿಂದಲೂ ಬಗೆಹರಿಯದ ಆ ವಿವಾದವು 1924ರ ಫೆಬ್ರುವರಿಯ ಒಪ್ಪಂದದಲ್ಲಿ ತಾತ್ಕಾಲಿಕವಾಗಿ ಕೊನೆಗೊಂಡಿತು. ಮೈಸೂರಿಗೆ ಸುಮಾರು 45 ಟಿಎಂಸಿ, ಅಂದರೆ 4,500 ಕೋಟಿ ಘನ ಅಡಿ, ನೀರು ಹಿಡಿಯುವ ಕೃಷ್ಣರಾಜಸಾಗರಕ್ಕೆ ಒಪ್ಪಿಗೆ ದೊರೆತರೆ, ಮದರಾಸಿಗೆ ಅದರ ಎರಡು ಪಟ್ಟಿಗೂ ಮಿಗಿಲಾದ, 93.5 ಟಿಎಂಸಿಯ ಮೆಟ್ಟೂರು ಜಲಾಶಯ ಕಟ್ಟಲು ಅವಕಾಶವಾಯಿತು. 1925ರಲ್ಲಿ ಆರಂಭವಾದ ನಿರ್ಮಾಣವು 1934ರಲ್ಲಿ ಮುಗಿದಾಗ ಅಂದಿನ ಗವರ್ನರ್ ಜಾರ್ಜ್ ಸ್ಟ್ಯಾನ್ಲಿಯವರ ಹೆಸರನ್ನೇ ಜಲಾಶಯಕ್ಕೆ ಇಡಲಾಯಿತು. ಊರು ಬಿಟ್ಟವರ ಗುಡಿಯೂ ಚರ್ಚೂ ನೀರಿನಡಿ ಉಳಿದವು.

ಜಲಾಶಯದ ಪೂರ್ಣಮಟ್ಟ 120 ಅಡಿ. ನಂದಿ ಕಾಣುವ 70 ಅಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರಬೇಕೆಂದು ತೋರಿದರೂ, ಕಣಿವೆಯು ಮೇಲೆ ಹೋದಂತೆ ಅಗಲವಾಗುವುದರಿಂದ ಆಗ ಉಳಿಯುವುದು ಒಟ್ಟು ಸಂಗ್ರಹದ ಮೂರನೇ ಒಂದರಷ್ಟು ಮಾತ್ರ. ಮೇಲಿನ 50 ಅಡಿಯ ನೀರೇ ಉಳಿದ ಎರಡು ಪಾಲು. ಹೀಗೆ ಬಯಲಾದ, ಹೂಳಿನಿಂದ ಫಲವತ್ತಾದ ನೆಲದಲ್ಲಿ ಸುತ್ತಲಿನ ರೈತರು ರಾಗಿ, ಶೇಂಗಾ ಬೆಳೆದುಕೊಳ್ಳುವುದೂ ಉಂಟು. ಕೆಳಗಿನ ಮುಖಜಭೂಮಿಯ ಕುರುವೈ ಬೆಳೆಗೆ, ಅಂದರೆ ಮುಂಗಾರಿನ ಅಲ್ಪಾವಧಿ ಭತ್ತಕ್ಕೆ, ನೀರು ಬಿಡುವ ವಾಡಿಕೆಯ ದಿನ ಜೂನ್ 12. ಆ ದಿನ ನೀರು ಬಿಡಲಾಗದ ವರ್ಷಗಳಲ್ಲಿ ಮೇಲಿನ ರೈತರಿಗೆ ದೊರೆತ ನೆಲವು ಕೆಳಗಿನ ರೈತರ ನಷ್ಟದ ಲೆಕ್ಕವೂ ಆಗಿರುತ್ತದೆ.

1974ಕ್ಕೆ ಐವತ್ತು ವರ್ಷ ತುಂಬಿದ ಆ ಒಪ್ಪಂದದ ಅವಧಿಯ ಬಗ್ಗೆಯೇ ಎರಡು ರಾಜ್ಯಗಳ ನಡುವೆ ವಾದ ಬೆಳೆದು, 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದ ಮೂಲಕ 177.25 ಟಿಎಂಸಿ ಹರಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಡಗಿನ ಮಳೆ, ಮೈಸೂರಿನ ಕಟ್ಟೆ, ದೆಹಲಿಯ ತೀರ್ಪು, ತಂಜಾವೂರಿನ ಬೇಡಿಕೆ ಈ ನಾಲ್ಕೂ ಕೂಡಿ ಪಣ್ಣವಾಡಿಯ ನಂದಿ ಯಾವ ವರ್ಷ ಕಾಣಬೇಕೆಂಬುದನ್ನು ನಿರ್ಧರಿಸುತ್ತವೆ.